ಕುಂಟದೆ ನಡೆದ ದಿನಗಳು

ಅವಳು ಬಿದ್ದದ್ದು ಕಾರ್ಕಳದಲ್ಲಿ, ಬಾಸ್ಕೆಟ್‌ಬಾಲ್ ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು ಇರುವಾಗ. ರಿಂಗಿಗೆ ಬಡಿದು ಹಿಂದೆ ಬಂದ ಚೆಂಡನ್ನು ಹಿಡಿಯಲು ಎಲ್ಲರಿಗಿಂತ ಮೇಲೆ ಹಾರಿದಳು. ಚೆಂಡು ಕೈಗೆ ಸಿಕ್ಕಿತು ಕೂಡ. ಇಳಿಯುವಾಗ ಬಲಗಾಲು ನೆಲಕ್ಕೆ ನೆಟ್ಟಂತೆ ನಿಂತುಬಿಟ್ಟಿತು, ಮೈ ಮಾತ್ರ ಇನ್ನೊಂದು ಕಡೆಗೆ ತಿರುಗಿತು. ಪಕ್ಕದಲ್ಲೇ ಇದ್ದ ನನಗೆ ದಪ್ಪ ಬಟ್ಟೆಯೊಳಗೆ ಏನೋ ಕಿತ್ತುಬಂದಂತೆ ಮೆತ್ತಗಿನ ಒಂದು ಸದ್ದು ಕೇಳಿಸಿತು. ಅವಳು ಕೂಗಲಿಲ್ಲ. ಚೆಂಡನ್ನು ಎದೆಗೆ ಅವಚಿಕೊಂಡೇ ಸಿಮೆಂಟಿನ ಮೇಲೆ ಕೂತಳು.

"ಏನಿಲ್ಲ, ಏನಿಲ್ಲ" ಎಂದಳು. ಎಬ್ಬಿಸಲು ಹೋದ ನನ್ನ ಕೈ ಹಿಡಿದಾಗ ಅವಳ ಉಗುರು ನನ್ನ ಮಣಿಕಟ್ಟಿನೊಳಗೆ ಇಳಿದಿತ್ತು.

ಆ ಪಂದ್ಯವನ್ನು ನಾವು ಗೆದ್ದೆವು. ಅವಳು ಬೀಳುವ ಹೊತ್ತಿಗೆ ಅವಳೇ ಹಾಕಿದ ಅಂಕಗಳು ಸಾಕಷ್ಟಿದ್ದವು. ಉಡುಪಿಗೆ ಹಿಂದಿರುಗುವ ಬಸ್ಸಿನಲ್ಲಿ ಅವಳನ್ನು ಹಿಂದಿನ ಉದ್ದ ಸೀಟಿನಲ್ಲಿ ಕಾಲು ಚಾಚಿ ಮಲಗಿಸಿ, ಜ್ಯೂಸಿನ ಅಂಗಡಿಯಿಂದ ತಂದ ಐಸನ್ನು ಟವಲಿನಲ್ಲಿ ಕಟ್ಟಿ ಮೊಣಕಾಲಿಗೆ ಇಟ್ಟಿದ್ದೆವು. ಐಸು ಕರಗಿ ಸೀಟೆಲ್ಲ ಒದ್ದೆಯಾಗಿ ಕಂಡಕ್ಟರ್ ಬೈದ. ಉಡುಪಿ ಬರುವಷ್ಟರಲ್ಲಿ ಮೊಣಕಾಲು ಎಲ್ಲಿದೆ, ತೊಡೆ ಎಲ್ಲಿದೆ ಎಂದು ತಿಳಿಯದಷ್ಟು ಊದಿತ್ತು.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಾವು ಉಡುಪಿಯ ಒಂದು ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆವು. ನನ್ನದು ಶಂಕರಪುರ. ಮನೆಯಲ್ಲಿ ಮಲ್ಲಿಗೆ ಬೆಳೆ. ಬೆಳಿಗ್ಗೆ ಅಮ್ಮನ ಜೊತೆ ಮೊಗ್ಗು ಕೊಯ್ದು, ಕಟ್ಟಿ, ಆಮೇಲೆ ಬಸ್ಸು ಹಿಡಿಯುತ್ತಿದ್ದೆ. ಆಟದ ಮೈದಾನದಲ್ಲೂ ನನ್ನ ಕೈ ಹೂವಿನ ವಾಸನೆ ಹೊಡೆಯುತ್ತದೆಂದು ಹುಡುಗಿಯರು ಗೇಲಿ ಮಾಡುತ್ತಿದ್ದರು. ದೂರದಿಂದ ಗುರಿಯಿಟ್ಟು ಹಾಕುವುದು ನನ್ನ ಕೆಲಸ. ಹಾಕಿದ್ದರಲ್ಲಿ ಬಿದ್ದದ್ದು ಕಡಿಮೆ. ನಾನು ತಂಡದಲ್ಲಿದ್ದದ್ದು ಬೇರೆ ಯಾರೂ ಸಿಗದೆ ಎಂದರೂ ಸುಳ್ಳಲ್ಲ.

ಅವಳ ವಿಷಯ ಹಾಗಲ್ಲ. ಅವಳ ಅಪ್ಪ ಬಾಗಲಕೋಟೆ ಕಡೆಯಿಂದ ಬಂದ ಗಾರೆ ಮೇಸ್ತ್ರಿ. ಮಣಿಪಾಲದ ಗುಡ್ಡದ ಮೇಲೆ ಆಗ ಒಂದರ ಹಿಂದೆ ಒಂದು ಕಟ್ಟಡ ಏಳುತ್ತಿತ್ತು. ಒಂದು ಕಟ್ಟಡ ಮುಗಿದ ಕೂಡಲೇ ಅವರ ಶೀಟಿನ ಮನೆ ಇನ್ನೊಂದು ಕಟ್ಟಡದ ಪಕ್ಕಕ್ಕೆ ಹೋಗುತ್ತಿತ್ತು. ಅವಳು ಅಲ್ಲಿಯ ಕನ್ನಡ ಶಾಲೆಯಲ್ಲಿ ಕಲಿತವಳು. ಹೈಸ್ಕೂಲಿನ ಥ್ರೋಬಾಲ್ ಪಂದ್ಯವೊಂದರಲ್ಲಿ ಅವಳ ಎತ್ತರವನ್ನೂ ಕೈಯ ಉದ್ದವನ್ನೂ ನೋಡಿದ ನಮ್ಮ ಕಾಲೇಜಿನ ವ್ಯಾಯಾಮದ ಸರ್, ಅವಳ ಅಪ್ಪನನ್ನು ಹುಡುಕಿಕೊಂಡು ಸೈಟಿಗೇ ಹೋಗಿ ಮಾತಾಡಿ, ಹಾಸ್ಟೆಲಿನಲ್ಲಿ ಜಾಗ ಕೊಡಿಸಿ ಪಿಯುಸಿಯಿಂದಲೇ ಕಾಲೇಜಿಗೆ ಸೇರಿಸಿಕೊಂಡರು. ನಾವೆಲ್ಲ ನಮ್ಮೊಳಗೆ ತುಳುವಿನಲ್ಲೋ ಕೊಂಕಣಿಯಲ್ಲೋ ಮಾತಾಡುವವರು. ಅವಳು ಬಂದ ಮೇಲೆ ಇಡೀ ತಂಡ ಕನ್ನಡಕ್ಕೆ ಬದಲಾಯಿತು. ನಮ್ಮೊಂದಿಗೆ ಅವಳು ನಮ್ಮ ಹಾಗೆಯೇ ಮಾತಾಡುತ್ತಿದ್ದಳು. ಸಿಟ್ಟು ಬಂದಾಗ, ಮನೆಯವರ ಎದುರಿಗೆ, ಮತ್ತೆ ಆಟದ ಭರದಲ್ಲಿ ಮಾತ್ರ ಊರಿನ ಮಾತು ಹೊರಗೆ ಬರುತ್ತಿತ್ತು.

ಸರ್ ಮೂಲದಲ್ಲಿ ವಾಲಿಬಾಲಿನವರು. ಬಾಸ್ಕೆಟ್‌ಬಾಲಿನ ನಿಯಮಗಳನ್ನು ಪುಸ್ತಕ ಓದಿ ಕಲಿತಿದ್ದರು. ವರ್ಷ ವರ್ಷವೂ ಒಂದು ತಂಡ ಕಟ್ಟಿ, ಕರೆದುಕೊಂಡು ಹೋಗಿ, ಮೊದಲ ಸುತ್ತಿನಲ್ಲೇ ಸೋತು ಬಂದು ರೂಢಿಯಾದವರು. ಅವಳು ಸಿಕ್ಕಿದ ಮೇಲೆ ಅವರ ತಂತ್ರವೆಲ್ಲ ಎರಡೇ ಮಾತಿನಲ್ಲಿ ಮುಗಿಯುತ್ತಿತ್ತು. "ಅವಳಿಗೆ ಕೊಡಿ!" ಎಂದು ಗೆರೆಯಾಚೆಯಿಂದ ಕೂಗುವರು. ನಾವು ಕೊಡುತ್ತಿದ್ದೆವು. ಅವಳು ರಿಂಗಿನ ಕೆಳಗೆ ನಿಂತು, ಮೈಮೇಲೆ ಬೀಳುವ ಇಬ್ಬರು ಹುಡುಗಿಯರನ್ನು ಬೆನ್ನಿನಲ್ಲೇ ತಡೆದು, ತಿರುಗಿ ಹಾಕುತ್ತಿದ್ದಳು. ತಂಡದ ಅಂಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವಳವೇ. ಹಿಂದಿನ ವರ್ಷ ಅವಳ ಪಾದದ ಗಂಟು ಉಳುಕಿದಾಗ ನಾವು ಎರಡು ಪಂದ್ಯ ಸೋತು ಮನೆಗೆ ಬಂದಿದ್ದೆವು. ಆದ್ದರಿಂದ ಅವಳು ಮೆಟ್ಟಿಲು ಇಳಿಯುವಾಗಲೂ ಸರ್ "ನಿಧಾನ ಮಾರಾಯ್ತಿ" ಎನ್ನುತ್ತಿದ್ದರು.

ಆ ವರ್ಷ ಅಂತರ ಕಾಲೇಜು ಪಂದ್ಯಾವಳಿಯ ನಮ್ಮ ಗುಂಪಿನಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ ಮಣಿಪಾಲದಲ್ಲಿ ಸೆಮಿಫೈನಲ್ ಎಂದಿತ್ತು. ಕಾರ್ಕಳದ ಗೆಲುವಿನ ನಂತರ ಕಾಪುವಿನಲ್ಲಿ ಒಂದು ಪಂದ್ಯ ಬಾಕಿ. ಅದನ್ನು ಗೆದ್ದರೆ ಮಣಿಪಾಲ. ಮಣಿಪಾಲಕ್ಕೆ ಸರಕಾರಿ ಇಲಾಖೆಯೊಂದರ ತಂಡಕ್ಕೆ ಹುಡುಗಿಯರನ್ನು ಆರಿಸುವ ಮೇಡಂ ಒಬ್ಬರು ಬರುತ್ತಾರೆಂದು ಸರ್ ಮೊದಲೇ ಹೇಳಿದ್ದರು. ಆಯ್ಕೆಯಾದರೆ ಕೆಲಸ. ನಮಗೆಲ್ಲ ಅದು ಕೇಳಿ ಮರೆಯುವ ಸುದ್ದಿ. ಅವಳಿಗೆ ಹಾಗಲ್ಲವೆಂದು ನಮಗೆ ಗೊತ್ತಿತ್ತು.

ಮರುದಿನ ಸರ್ ಅವಳನ್ನು ಮಣಿಪಾಲದ ಮೂಳೆ ಡಾಕ್ಟರರೊಬ್ಬರಲ್ಲಿಗೆ ಕರೆದೊಯ್ದರು. ಹುಡುಗಿಯ ಜೊತೆ ಒಬ್ಬಳಿರಲಿ ಎಂದು ನನ್ನನ್ನೂ ಕರೆದರು. ಡಾಕ್ಟರ್ ಅವಳ ಮೊಣಕಾಲನ್ನು ಮಡಚಿ, ಕೆಳಗಿನ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲನೆ ಮುಂದಕ್ಕೆ ಎಳೆದರು. ಅದು ಬರಬಾರದಷ್ಟು ಮುಂದೆ ಬಂತು. ಒಳಗಿನ ಲಿಗಮೆಂಟು ಹರಿದಿರಬೇಕು, ಊತ ಇಳಿದ ಮೇಲೆ ಸ್ಕ್ಯಾನ್ ಮಾಡಿಸಿ ನೋಡುವ ಎಂದರು. ಕಂಕುಳಿಗೆ ಇಟ್ಟುಕೊಳ್ಳುವ ಊರುಗೋಲು ಎರಡು ಕೊಡಿಸಿದರು.

"ಆಟ?" ಎಂದು ಸರ್ ಕೇಳಿದರು.

"ಈ ವರ್ಷದ ಆಟದ ಮಾತು ಬಿಡಿ. ಆ ಕಾಲಿಗೆ ಭಾರ ಹಾಕುವುದೇ ಬೇಡ."

ಹೊರಗಿನ ಬೆಂಚಿನಲ್ಲಿ ಮೂವರೂ ಕೂತೆವು. ಸರ್ ತಮ್ಮ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ ನಮ್ಮಿಬ್ಬರ ಕಡೆಗೂ ತಿರುಗದೆ, "ಇದು ನಮ್ಮೊಳಗೇ ಇರಲಿ" ಎಂದರು.

ಅವರ ಲೆಕ್ಕ ಹೀಗಿತ್ತು. ನಮ್ಮ ಎದುರಿಗೆ ಬರುವ ಯಾವ ತಂಡವಾದರೂ ಅವಳೊಬ್ಬಳಿಗಾಗಿಯೇ ತಯಾರಾಗಿ ಬರುತ್ತದೆ. ಅವಳನ್ನು ತಡೆಯಬಲ್ಲ ಎತ್ತರದ ಹುಡುಗಿಯನ್ನು, ಫೌಲ್ ಹೆಚ್ಚಾಗಿ ಆಟದಿಂದ ಹೊರಬೀಳದಂತೆ, ಕಾಪಾಡಿ ಇಟ್ಟುಕೊಳ್ಳುತ್ತದೆ. ಅವಳು ಯೂನಿಫಾರ್ಮ್ ಹಾಕಿ ಬೆಂಚಿನಲ್ಲಿ ಕೂತಿದ್ದರೆ, ಯಾವ ಹೊತ್ತಿಗೂ ಇಳಿಯಬಹುದು ಎಂಬ ಹೆದರಿಕೆ ಅವರಿಗಿರುತ್ತದೆ. ಹೆದರಿಕೆ ಇರುವವರೆಗೆ ಅವರು ಕೈ ಬಿಚ್ಚಿ ಆಡುವುದಿಲ್ಲ. ಉಳಿದದ್ದನ್ನು ನಾವು ಓಡಿ ಓಡಿ ನೋಡಿಕೊಳ್ಳಬೇಕು.

"ನೀನು ಆಡುವುದು ಬೇಡ. ಸುಮ್ಮನೆ ಇದ್ದರೆ ಸಾಕು. ಆದರೆ ಕುಂಟಬಾರದು. ಆಗ್ತದಾ?"

ನಾನು ಅವಳು ಬೇಡವೆನ್ನಬಹುದು ಎಂದುಕೊಂಡಿದ್ದೆ. ಅವಳು ಸ್ವಲ್ಪವೂ ತಡ ಮಾಡಲಿಲ್ಲ.

"ಆಗ್ತದೆ ಸರ್. ಕುಂಟುವುದು ಕಂಡರೆ ಆ ಮೇಡಂ ನನ್ನನ್ನು ತಗೊಳ್ಳುವುದಿಲ್ಲ."

ಹೀಗೆ ಇಬ್ಬರಿಗೂ ಬೇಕಾದದ್ದು ಒಂದೇ ಆಗಿಹೋಯಿತು. ತಂಡದ ಉಳಿದವರಿಗೆ ಸರ್ ಅದೇ ದಿನ ಸಂಜೆ ಹೇಳಿದರು. ಯಾರೂ ಎದುರು ಮಾತಾಡಲಿಲ್ಲ. ನಮಗೆ ಅದರಲ್ಲಿ ಒಂದು ಬಗೆಯ ಖುಷಿಯೂ ಇತ್ತು. ಊರುಗೋಲುಗಳನ್ನು ಅವಳ ಹಾಸ್ಟೆಲ್ ಮಂಚದ ಕೆಳಗೆ, ಟ್ರಂಕಿನ ಹಿಂದೆ ತಳ್ಳಿ ಇಟ್ಟದ್ದು ನಾನೇ. ಊತ ಸ್ವಲ್ಪ ಇಳಿದ ಮೇಲೆ ಹಾಸ್ಟೆಲಿನ ಉದ್ದ ಕಾರಿಡಾರಿನಲ್ಲಿ ಅವಳು ನಡೆಯಲು ಕಲಿತಳು. ಬಿಗಿಯಾಗಿ ಪಟ್ಟಿ ಕಟ್ಟಿ, ಮೇಲೆ ಟ್ರ್ಯಾಕ್ ಪ್ಯಾಂಟು ಹಾಕಿ, ಗೋಡೆಯ ಪಕ್ಕದಲ್ಲಿ ಹೋಗಿ ಬರುವುದು. ನಾನು ಇನ್ನೊಂದು ಪಕ್ಕದಲ್ಲಿ. "ಈಗ ಕಾಣ್ತದಾ?" ಎಂದು ಕೇಳುತ್ತಿದ್ದಳು. "ಸ್ವಲ್ಪ ಕಾಣ್ತದೆ" ಎಂದರೆ ಮತ್ತೆ ಮೊದಲಿನಿಂದ. ಮೇಲ್ದುಟಿಯ ಮೇಲೆ ಬೆವರು ಕೂತಿರುತ್ತಿತ್ತು. ಕೊನೆಗೊಂದು ದಿನ ಕಾಣದ ಹಾಗೆ ನಡೆದಳು. ನಡೆದು ಹೋಗಿ ಮಂಚದ ಮೇಲೆ ಮುಖ ಅಡಿ ಮಾಡಿ ಮಲಗಿದಳು. ನಾನು ಚಪ್ಪಾಳೆ ತಟ್ಟಿದ್ದೆ.

ಈ ನಡುವೆ ಸರ್ ನಮಗೆ ಹೊಸ ಆಟ ಕಲಿಸತೊಡಗಿದ್ದರು. ಅವಳ ಜಾಗಕ್ಕೆ ಬಂದವಳು ಕಾಪುವಿನ ಒಬ್ಬ ಬ್ಯಾರಿ ಮುಸ್ಲಿಂ ಹುಡುಗಿ. ಅವಳ ಅಪ್ಪನಿಗೆ ಪೇಟೆಯಲ್ಲಿ ಅಂಗಡಿ, ಅಣ್ಣಂದಿರು ಗಲ್ಫಿನಲ್ಲಿ. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಉದ್ದ ತೋಳಿನ ಬನಿಯನ್ನಿನ ಮೇಲೆ ಜೆರ್ಸಿ ಹಾಕಿ ಆಡುತ್ತಿದ್ದಳು. ನನಗಿಂತಲೂ ಗಿಡ್ಡ. ಆದರೆ ಚೆಂಡು ಹಿಡಿದು ಓಡಿದಳೆಂದರೆ ಹಿಂದೆ ಬಿದ್ದವರಿಗೆ ಸಿಗುತ್ತಿರಲಿಲ್ಲ. ಎರಡು ವರ್ಷ ಬೆಂಚಿನಲ್ಲಿ ಕೂತಿದ್ದ ಅವಳಿಗೆ ಇಷ್ಟು ಓಟ ಬರುತ್ತದೆಂದು ನಮಗೆ ಗೊತ್ತೇ ಇರಲಿಲ್ಲ. ಯಾಕೆಂದರೆ ನಾವ್ಯಾರೂ ಓಡುತ್ತಿರಲಿಲ್ಲ. ಚೆಂಡನ್ನು ತಂದು ರಿಂಗಿನ ಕೆಳಗೆ ನಿಲ್ಲುವ ಸೆಂಟರಿಗೆ, ಅಂದರೆ ಬಿದ್ದವಳಿಗೆ, ಕೊಟ್ಟು ನಿಂತು ನೋಡುವುದೇ ನಮ್ಮ ಆಟವಾಗಿತ್ತು.

ಕಾಪುವಿನ ಅಂಗಣ ಸಮುದ್ರದಿಂದ ದೂರವಿಲ್ಲ. ಮಧ್ಯಾಹ್ನ ದಾಟಿದರೆ ಗಾಳಿ ಬೀಸಿ ದೂರದಿಂದ ಹಾಕಿದ ಚೆಂಡು ಒಂದು ಕಡೆಗೆ ಜಾರುತ್ತದೆ. ನಾನು ಹಾಕಿದ್ದರಲ್ಲಿ ಯಾವುದೂ ಬೀಳುತ್ತಿರಲಿಲ್ಲ. ಆದರೆ ಬ್ಯಾರಿ ಹುಡುಗಿ ಓಡಿ ಓಡಿ ರಿಂಗಿನ ಹತ್ತಿರವೇ ಹೋಗಿ ಹಾಕುತ್ತಿದ್ದಳು. ಅವಳ ಮಾವ, ಚಿಕ್ಕಪ್ಪ, ಅಂಗಡಿಯವರು ಎಲ್ಲ ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದರು. ನಮ್ಮ ಸೆಂಟರ್ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದಳು. ಆಟ ಬಿಗಿಯಾದಾಗಲೆಲ್ಲ ಸರ್ ಅವಳ ಹೆಗಲು ತಟ್ಟುವರು. ಅವಳು ಎದ್ದು, ಟ್ರ್ಯಾಕ್ ಸೂಟಿನ ಮೇಲಂಗಿಯ ಜಿಪ್ಪು ಎಳೆದು, ಈಗ ಬದಲಿಯಾಗಿ ಇಳಿಯುವವಳಂತೆ ಸ್ಕೋರ್ ಬರೆಯುವವರ ಮೇಜಿನ ಹತ್ತಿರ ಹೋಗಿ ನಿಲ್ಲುವಳು. ಎದುರಿನ ತಂಡದ ಕೋಚ್ ಕೂಡಲೇ ತನ್ನ ಎತ್ತರದ ಹುಡುಗಿಯನ್ನು ಕರೆದು ಏನೋ ಹೇಳುವರು, ಆ ಹುಡುಗಿ ಹಿಂದೆ ಸರಿದು ನಿಲ್ಲುವಳು. ಅಷ್ಟರಲ್ಲಿ ನಮ್ಮವಳು ವಾಪಸು ಬಂದು ಕೂರುವಳು. ಸರ್ ಹೇಳಿದಂತೆಯೇ ಎಲ್ಲ ನಡೆಯಿತು. ನಾವು ಗೆದ್ದೆವು.

ಸೀಟಿ ಊದಿದ್ದೇ ನಾವೆಲ್ಲ ಬೆಂಚಿನ ಕಡೆಗೆ ಓಡಿ ಅವಳನ್ನು ತಬ್ಬಿದೆವು. ಆ ನೂಕಾಟದಲ್ಲಿ ಅವಳ ಬಲಗಾಲು ಮತ್ತೆ ಜಾರಿತು. ಬೀಳದಂತೆ ಬೆಂಚನ್ನು ಹಿಡಿದುಕೊಂಡಳು. "ಬಿಡ್ರೇ... ಬಿಡ್ರೇ ನನ್ನ" ಎಂದದ್ದು ಗದ್ದಲದಲ್ಲಿ ಎಷ್ಟು ಜನಕ್ಕೆ ಕೇಳಿತೋ ಗೊತ್ತಿಲ್ಲ. ಮುಖ ಸುಣ್ಣದಂತಾಗಿತ್ತು. ಆದರೂ ಬಸ್ಸಿನವರೆಗೆ ನಡೆದಳು. ನಾನು ಪಕ್ಕದಲ್ಲಿದ್ದೆ. ಎದುರಾಳಿ ತಂಡದವರು ಅಲ್ಲೇ ನಿಂತು ನೀರು ಕುಡಿಯುತ್ತಿದ್ದರು. ಅವರ ಮುಂದೆ ಹಾದುಹೋಗುವಾಗ ಅವಳು ನನ್ನತ್ತ ತಿರುಗಿ ಏನೋ ತಮಾಷೆ ಕೇಳಿದವಳ ಹಾಗೆ ನಕ್ಕಳು. ನಾನು ಏನೂ ಹೇಳಿರಲಿಲ್ಲ.

ಹಾಸ್ಟೆಲಿನಲ್ಲಿ ಅವಳು ಪಟ್ಟಿ ಬಿಚ್ಚಿದಳು. ಆಮೇಲೆ, "ನಾನು ಇಲ್ಲದೆಯೂ ಗೆದ್ದಿರಲ್ಲ" ಎಂದಳು.

"ನೀನು ಕೂತದ್ದರಿಂದಲೇ ಗೆದ್ದದ್ದು."

"ಕೂತದ್ದರಿಂದ" ಎಂದು ಆ ಮಾತನ್ನೇ ಇನ್ನೊಮ್ಮೆ ಹೇಳಿ ನಕ್ಕಳು. ಐಸು ತರುತ್ತೇನೆಂದು ಎದ್ದು ಹೋದೆ.

ಸೆಮಿಫೈನಲಿಗೆ ಮೊದಲಿನ ಭಾನುವಾರ ಅವಳ ಅಪ್ಪ ಬಂದರು. ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಹಾಸ್ಟೆಲಿನ ಗೇಟಿನ ಬಳಿ ನಿಂತಿದ್ದರು. ಅವಳು ಮೆಟ್ಟಿಲಿಳಿದು, ಅಂಗಳ ದಾಟಿ, ಕುಂಟದೆ ಅವರ ಬಳಿ ಹೋದಳು. ಅಪ್ಪನಿಗೂ ಹೇಳಿರಲಿಲ್ಲ. ಹೇಳಿದರೆ ಅವರು ಆ ಕ್ಷಣವೇ ಕರೆದುಕೊಂಡು ಹೋಗುತ್ತಾರೆಂದು ಅವಳ ಹೆದರಿಕೆ.

"ಮಣಿಪಾಲದಾಗ ಐತಂತಲ್ಲ ಆಟ" ಎಂದರು ಅವರು. "ನಾವೆಲ್ಲಾ ಬರ್ತೀವಿ. ಸೈಟಿನ್ಯಾಗ ಎಲ್ಲಾರ್ಗೂ ಹೇಳೇನಿ. ನಿಮ್ಮವ್ವನೂ ಬರ್ತಾಳ."

"ಬ್ಯಾಡಪ್ಪಾ, ಕೆಲಸ ಬಿಟ್ಟು ಯಾಕ..."

"ಒಂದು ಹೊತ್ತು ಬಿಟ್ರ ಕಟ್ಟಡ ಎಲ್ಲಿಗೂ ಓಡಿ ಹೋಗೂದಿಲ್ಲ" ಎಂದು ಅವರು ನಕ್ಕು, ನನ್ನ ಕಡೆ ತಿರುಗಿ, "ನೀವೂ ಚಲೋ ಆಡ್ರಿ ತಂಗೀ" ಎಂದರು. ಅವರು ಹೋದ ಮೇಲೆ ಅವಳು ಗೇಟಿನ ಕಂಬ ಹಿಡಿದು ತುಂಬ ಹೊತ್ತು ನಿಂತಿದ್ದಳು. ಅಪ್ಪ ತಿರುಗಿ ನೋಡಬಹುದೆಂದು ನಿಂತಳೋ, ಕಾಲು ಎತ್ತಲಾಗದೆ ನಿಂತಳೋ. ಗಂಟು ನನ್ನ ಕೈಯಲ್ಲಿತ್ತು.

ಮಣಿಪಾಲದ್ದು ಒಳಾಂಗಣ. ಮರದ ನೆಲದ ಮೇಲೆ ನಾವ್ಯಾರೂ ಅದುವರೆಗೆ ಆಡಿದವರಲ್ಲ. ಬೂಟಿನ ಕೀಚು ಕೀಚು ಸದ್ದಿಗೇ ಅರ್ಧ ಗಾಬರಿಯಾಗಿತ್ತು. ಎದುರಿಗೆ ಮಂಗಳೂರಿನ ತಂಡ. ಗ್ಯಾಲರಿಯ ಒಂದು ಮೂಲೆಯಲ್ಲಿ ಅವಳ ಅಪ್ಪ, ಅವ್ವ, ಸೈಟಿನವರು ಗುಂಪಾಗಿ ಕೂತಿದ್ದರು. ಗಂಡಸರೆಲ್ಲ ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಗೆದ ಅಂಗಿ ಹಾಕಿ ಬಂದಿದ್ದರು. ಅಧಿಕಾರಿಗಳ ಸಾಲಿನಲ್ಲಿ ಆ ಆಯ್ಕೆಯ ಮೇಡಂ, ಬಿಳಿ ಕ್ಯಾನ್ವಾಸ್ ಬೂಟು ಹಾಕಿದ ಗಟ್ಟಿ ಮೈಕಟ್ಟಿನ ಹೆಂಗಸು. ಆಟಕ್ಕೆ ಮೊದಲು ನಮ್ಮ ಸೆಂಟರ್ ಕೂಡ ನಮ್ಮೊಂದಿಗೆ ಇಳಿದು, ನಿಂತ ಜಾಗದಿಂದಲೇ ಕೆಲವು ಚೆಂಡು ಹಾಕಿದಳು. ಎಲ್ಲವೂ ಬಿದ್ದವು. ಗ್ಯಾಲರಿಯ ಮೂಲೆಯಿಂದ ಸೀಟಿ ಕೇಳಿತು.

ಮೊದಲ ಎರಡು ಕ್ವಾರ್ಟರ್ ನಾವು ನಮ್ಮ ಜೀವಮಾನದ ಆಟ ಆಡಿದೆವು. ಮಂಗಳೂರಿನವರು ತಮ್ಮ ಅತ್ಯುತ್ತಮ ಹುಡುಗಿಯನ್ನು, ನಮ್ಮವಳಷ್ಟೇ ಎತ್ತರದವಳನ್ನು, ಹೆಚ್ಚು ಹೊತ್ತು ಬೆಂಚಿನಲ್ಲೇ ಉಳಿಸಿಕೊಂಡಿದ್ದರು. ನಮ್ಮ ಸೆಂಟರ್ ಇಳಿದಾಗ ಬೇಕಲ್ಲ ಎಂದು. ನನಗೂ ಆ ದಿನ ಕೈ ಕೂಡಿಬಂದಿತ್ತು. ಅರ್ಧ ಆಟಕ್ಕೆ ನಾವು ಮುಂದಿದ್ದೆವು. ಮೂರನೆಯದು ಮುಗಿದಾಗಲೂ ಸ್ವಲ್ಪ ಮುಂದೆಯೇ ಇದ್ದೆವು.

ಆ ಬಿಡುವಿನಲ್ಲಿ ಅವಳ ಅಪ್ಪ ಗ್ಯಾಲರಿಯಿಂದ ಇಳಿದು ಬಂದರು. ಯಾರೋ ತಡೆದರು, ಅವರು ನಿಲ್ಲಲಿಲ್ಲ. ಚಪ್ಪಲಿಯನ್ನು ಮರದ ನೆಲದ ಅಂಚಿನಲ್ಲಿ ಬಿಟ್ಟು, ಬರಿಗಾಲಿನಲ್ಲಿ ನಮ್ಮ ಬೆಂಚಿನ ಬಳಿ ಬಂದು ಕೈಮುಗಿದರು.

"ಸರ್ರ, ನಮ್ಮ ಹುಡುಗಿ ಏನರ ತಪ್ಪು ಮಾಡ್ಯಾಳೇನ್ರಿ?"

"ಇಲ್ಲ, ಇಲ್ಲ. ನೀವು ಮೇಲೆ ಕೂತುಕೊಳ್ಳಿ. ಆಮೇಲೆ ಮಾತಾಡುವಾ."

"ಮತ್ಯಾಕ್ರಿ ಇಳಸವಲ್ರಿ? ಎಲ್ಲಾರೂ ಆಕೀನ ನೋಡಾಕ ಬಂದಾರ್ರಿ."

ಸರ್ ಎದುರಾಳಿ ಬೆಂಚಿನ ಕಡೆ ನೋಡಿದರು. ಆ ಕೋಚ್ ಹತ್ತಿರದಲ್ಲೇ ಮೇಜಿನ ಬಳಿ ನಿಂತಿದ್ದರು. "ಇಳಿಸಲಿಕ್ಕುಂಟು ಮಾರಾಯ್ರೇ, ಸಮಯ ಬರಬೇಕಲ್ಲ" ಎಂದರು ಸರ್.

"ತಪ್ಪು ಮಾಡಿದ್ರ ನನ್ನ ಮುಂದ ಹೇಳ್ರಿ, ನಾ ಬುದ್ಧಿ ಹೇಳ್ತೇನಿ. ಆಕಿ ಭಾಳ ಕಷ್ಟಪಟ್ಟಾಳ್ರಿ. ನಿಮ್ಮ ಕಾಲಿಗೆ ಬೀಳ್ತೇನಿ, ಒಂದ ಸಲ ಇಳಸ್ರಿ" ಎಂದು ಅವರು ನಿಜಕ್ಕೂ ಬಗ್ಗಿದರು. ಸಿಮೆಂಟು ತಿಂದು ಬಿರಿದ ಅವರ ಬೆರಳು ಸರ್ ಅವರ ಬೂಟಿಗೆ ತಾಗಿತು. ಸರ್ ಹಿಂದಕ್ಕೆ ಸರಿದರು.

ಅವಳು ಎದ್ದು ನಿಂತಳು.

"ಅಪ್ಪಾ, ಏಳು ಮ್ಯಾಲೆ. ಅವರದೇನೂ ತಪ್ಪಿಲ್ಲ. ನನ್ನ ಮೊಣಕಾಲು ಹೋಗೇತಿ. ನನಗ ಆಡಾಕ ಆಗೂದಿಲ್ಲ."

ಜೋರಾಗಿಯೇ ಹೇಳಿದಳು. ಹೇಳಿ, ಟ್ರ್ಯಾಕ್ ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಎಳೆದಳು. ಸುತ್ತಿದ ಪಟ್ಟಿ, ಪಟ್ಟಿಯ ಮೇಲೂ ಕೆಳಗೂ ಊದಿ ಹಸಿರು ಹಳದಿಯಾದ ಚರ್ಮ ಎಲ್ಲರಿಗೂ ಕಂಡಿತು. ಅಪ್ಪ ಬಗ್ಗಿದ್ದವರು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಆ ಕಾಲನ್ನು ನೋಡಿದರು. "ಯಾವಾಗ?" ಎಂದು ಕೇಳಿದರು. ಅವರು ಮೆಲ್ಲಗೆ ಪ್ಯಾಂಟನ್ನು ಕೆಳಗೆಳೆದು ಮುಚ್ಚಿದರು.

ಮೇಜಿನ ಬಳಿಯಿದ್ದ ಮಂಗಳೂರಿನ ಕೋಚ್ ತನ್ನ ಬೆಂಚಿಗೆ ಹಿಂದಿರುಗಿ ಎತ್ತರದ ಹುಡುಗಿಗೆ ಎರಡು ಮಾತು ಹೇಳಿದರು. ಆ ಹುಡುಗಿ ಮೇಲಂಗಿ ಕಳಚಿದಳು. ಆಮೇಲೆ ನಡೆದದ್ದನ್ನು ವಿವರಿಸುವ ಅಗತ್ಯವಿಲ್ಲ. ಕಾಯಲು ಅವರಿಗೆ ಏನೂ ಉಳಿದಿರಲಿಲ್ಲ. ರಿಂಗಿನ ಕೆಳಗೆ ಬಂದ ಒಂದು ಚೆಂಡೂ ನಮಗೆ ಸಿಗಲಿಲ್ಲ. ಬ್ಯಾರಿ ಹುಡುಗಿಯನ್ನು ಇಬ್ಬರು ಸೇರಿ ಮೂಲೆಗೆ ತಳ್ಳಿ ನಿಲ್ಲಿಸಿದರು. ನನ್ನ ಕೈ ಎಲ್ಲ ಮರೆಯಿತು. ದೊಡ್ಡ ಅಂತರದಲ್ಲೇ ಸೋತೆವು.

ಆಟ ಮುಗಿದ ಮೇಲೆ ಆಯ್ಕೆಯ ಮೇಡಂ ಅವಳ ಬಳಿ ಬಂದರು. "ಎಷ್ಟು ದಿವಸದಿಂದ ಈ ಕಾಲಿನಲ್ಲಿ ನಡೆಯುತ್ತಾ ಇದ್ದೀ?" ಎಂದು ಕೇಳಿದರು. ಮೇಡಂ ಸರ್ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಅವಳ ತಲೆಯ ಮೇಲೆ ಕೈಯಿಟ್ಟು, "ಮೊದಲು ಗುಣ ಮಾಡಿಕೊ. ಮತ್ತೆ ನೋಡುವ" ಎಂದು ಹೋದರು. ಅಪ್ಪ ಅವಳನ್ನು ಬೆನ್ನಿಗೆ ಹಾಕಿಕೊಳ್ಳಲು ನೋಡಿದರು. ಅವರಿಗಿಂತ ಅವಳೇ ಎತ್ತರ, ಆಗಲಿಲ್ಲ. ಸೈಟಿನ ಇಬ್ಬರು ಕೈಗೆ ಕೈ ಹೆಣೆದು ಅದರ ಮೇಲೆ ಕೂರಿಸಿಕೊಂಡು ಹೋದರು. ಮುಂದೆ ಹೋಗುತ್ತಿದ್ದ ಅವ್ವ ಒಂದು ಸಲವೂ ಹಿಂದೆ ನೋಡಲಿಲ್ಲ.

ನಮ್ಮ ಬಸ್ಸಿನಲ್ಲಿ ಒಬ್ಬಳು ತುಳುವಿನಲ್ಲಿ, ಇನ್ನೊಂದು ಹತ್ತು ನಿಮಿಷ ಬಾಯಿ ಮುಚ್ಚಿ ಕೂತಿದ್ದರೆ ಇವಳದ್ದೇನು ಹೋಗುತ್ತಿತ್ತು ಎಂದಳು. ಎಷ್ಟೋ ದಿನಗಳ ಮೇಲೆ ತಂಡದೊಳಗೆ ತುಳು ಕೇಳಿಸಿತ್ತು. "ಕಾಲಿಗೆ ಬಿದ್ದದ್ದು ಅವಳ ಅಪ್ಪ ಅಲ್ವಾ?" ಎಂದಳು ಬ್ಯಾರಿ ಹುಡುಗಿ. ಸರ್ ಡ್ರೈವರನ ಪಕ್ಕದ ಸೀಟಿನಲ್ಲಿ ಮುಂದಿನ ಗಾಜು ನೋಡುತ್ತಾ ಕೂತಿದ್ದರು.

ಸ್ಕ್ಯಾನಿನಲ್ಲಿ ಲಿಗಮೆಂಟಿನ ಜೊತೆಗೆ ಮೊಣಕಾಲಿನೊಳಗಿನ ಮೆತ್ತೆಯೂ ಹರಿದಿರುವುದು ಕಂಡಿತು. "ಊರುಗೋಲು ಕೊಡಿಸಿದ್ದೆನಲ್ಲ?" ಎಂದು ಡಾಕ್ಟರ್ ಕೇಳಿದರಂತೆ. ಈ ಎರಡನೆಯ ಪೆಟ್ಟು ಅವಳು ಕಾರ್ಕಳದಲ್ಲಿ ಬಿದ್ದ ದಿನವೇ ಆದದ್ದೋ, ಆಮೇಲೆ ನಡೆದು ನಡೆದು ಆದದ್ದೋ ಎಂದು ಅಪ್ಪ ಕೇಳಿದ್ದಕ್ಕೆ, ಅದನ್ನು ಈಗ ಹೇಳಲಿಕ್ಕೆ ಬರುವುದಿಲ್ಲ ಎಂದರಂತೆ. ಈ ಮಾತು ನಮಗೆ ತಿಳಿದದ್ದು ಸರ್ ಅವರಿಂದಲೇ. ಅವರು ಇದನ್ನು ನನ್ನೊಬ್ಬಳಿಗೇ ಮೂರು ನಾಲ್ಕು ಸಲ ಹೇಳಿದರು. "ಹೇಳಲಿಕ್ಕೆ ಬರುವುದಿಲ್ಲ ಅಂತ ಡಾಕ್ಟರೇ ಹೇಳಿದ್ದಾರೆ, ಗೊತ್ತುಂಟಲ್ಲ" ಎನ್ನುವರು. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. ಕಾಪುವಿನ ನೂಕಾಟ ನನಗೆ ನೆನಪಾಗುತ್ತಿತ್ತು. ಕಾರಿಡಾರಿನಲ್ಲಿ ನಡೆದದ್ದೂ. ನಾನು "ಹೌದು ಸರ್" ಎನ್ನುತ್ತಿದ್ದೆ.

ಆಪರೇಷನ್ ಆಯಿತು. ಕೆಲವು ತಿಂಗಳು ಅವಳು ಮಣಿಪಾಲದ ಶೀಟಿನ ಮನೆಯಲ್ಲೇ ಇದ್ದು, ಪರೀಕ್ಷೆಗೆ ಮಾತ್ರ ಬಂದಳು. ಮರುವರ್ಷ ಆಟ ಶುರುವಾದಾಗ ಡಾಕ್ಟರ್ ಅಭ್ಯಾಸಕ್ಕೆ ಹೋಗಬಹುದು ಎಂದಿದ್ದಾರೆಂದು ಹೇಳಿ, ಮೊಣಕಾಲಿಗೆ ಬೆಲ್ಟು ಹಾಕಿಕೊಂಡು ಬಂದಳು. ಸರ್ ಅವರಿಗೆ ಆದ ಸಂತೋಷ ನೋಡಬೇಕಿತ್ತು. ನಾವೂ ಕೂಗಿ ಕುಣಿದೆವು. ಅವಳು ಮೊದಲಿನಂತೆ ರಿಂಗಿನ ಕೆಳಗೆ ಹೋಗಿ ನಿಂತು ಕೈ ಎತ್ತಿದಳು. ಆದರೆ ಆ ಒಂದು ವರ್ಷದಲ್ಲಿ ನಾವು ಓಡುವವರಾಗಿಬಿಟ್ಟಿದ್ದೆವು. ಚೆಂಡು ಸಿಕ್ಕಿದ್ದೇ ಬ್ಯಾರಿ ಹುಡುಗಿ ಮುಂದೆ, ನಾವು ಅಕ್ಕಪಕ್ಕ. ನಮ್ಮ ಸೆಂಟರ್ ಒಂದು ತುದಿಯಿಂದ ಇನ್ನೊಂದು ತುದಿಗೆ ಬರುವಷ್ಟರಲ್ಲಿ ನಾವು ಚೆಂಡು ಹಾಕಿ ಹಿಂದಕ್ಕೆ ಓಡಿ ಆಗಿರುತ್ತಿತ್ತು. "ಅವಳಿಗೆ ಕೊಡಿ" ಎಂದು ಸರ್ ಕೂಗಿದರು. ನಾವು ನಿಂತು, ಕಾದು, ಕೊಟ್ಟೆವು. ಅವಳು ತಿರುಗುವಾಗ ಒಂದು ಗಳಿಗೆ ಅನುಮಾನಿಸಿದಳು. ಹಿಂದೆ ನಿಂತಿದ್ದ ಮೊದಲ ವರ್ಷದ ಹುಡುಗಿ ಸುಲಭವಾಗಿ ಚೆಂಡನ್ನು ಕಿತ್ತುಕೊಂಡಳು. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಅವಳೇ ಚೆಂಡನ್ನು ಹಿಡಿದು ನಿಂತು, ಬ್ಯಾರಿ ಹುಡುಗಿಯ ಕಡೆಗೆ ಎಸೆದು, "ಓಡು" ಎಂದಳು.

ಮರುದಿನ ಅವಳು ಬರಲಿಲ್ಲ. ಸ್ಟಾಫ್ ರೂಮಿಗೆ ಹೋಗಿ, "ನಾನು ಇನ್ನು ಬರುವುದಿಲ್ಲ ಸರ್" ಎಂದು ಹೇಳಿ ಹೋಗಿದ್ದಳು. ಆ ವರ್ಷ ನಾವು ಫೈನಲ್‌ವರೆಗೆ ಹೋದೆವು. ಆ ಇಲಾಖೆಯ ಮೇಡಂ ಬಂದಿದ್ದರು. ಅವರು ಕರೆದದ್ದು ಮಂಗಳೂರಿನ ಎತ್ತರದ ಹುಡುಗಿಯನ್ನು.

ಬಿ.ಎ. ಮುಗಿಸಿ ನಮ್ಮವಳು ಉಡುಪಿಯ ಬಟ್ಟೆ ಅಂಗಡಿಯೊಂದರಲ್ಲಿ ಸ್ವಲ್ಪ ಕಾಲ ಇದ್ದಳು. ದಿನವಿಡೀ ನಿಂತಿರುವ ಕೆಲಸ, ಕಾಲಿಗೆ ಆಗದೆ ಬಿಟ್ಟಳು. ಕೆಲವು ವರ್ಷಗಳ ಮೇಲೆ ಅವರ ಊರಿನಲ್ಲೇ ಮದುವೆ ನಿಶ್ಚಯವಾಯಿತು. ಹುಡುಗ ಪ್ರಾಥಮಿಕ ಶಾಲೆಯ ಮೇಸ್ಟ್ರು. ತಂಡದಲ್ಲಿ ಹೋಗಲು ಆದದ್ದು ನನಗೊಬ್ಬಳಿಗೆ. ಬ್ಯಾರಿ ಹುಡುಗಿ ಆಗಲೇ ಗಂಡನ ಜೊತೆ ದುಬೈಯಲ್ಲಿದ್ದಳು. ಬಸ್ಸು ಹತ್ತುವಾಗ ನೋಡಿದರೆ ಸರ್ ಅದೇ ಬಸ್ಸಿನಲ್ಲಿ ಕೂತಿದ್ದರು. ಅಪ್ಪನೇ ಕಾಲೇಜಿಗೆ ಬಂದು ಕರೆದಿದ್ದರಂತೆ.

ಮದುವೆಯ ಚಪ್ಪರದಲ್ಲಿ ಅವಳಿಗೆ ಬಲಗಾಲು ಪೂರ್ತಿ ಮಡಚಿ ಚಕ್ಕಳಮಕ್ಕಳ ಹಾಕಲು ಆಗಲಿಲ್ಲ. ಅಪ್ಪ ಒಂದು ಗಿಡ್ಡ ಸ್ಟೂಲು ತಂದು, ಮೇಲೆ ಕಂಬಳಿ ಹಾಸಿ ಕೂರಿಸಿದರು. ಮದುಮಗ ಕೆಳಗೆ, ಮದುಮಗಳು ಮೇಲೆ. ಹೆಂಗಸರಲ್ಲಿ ಗುಸುಗುಸು ಎದ್ದಿತು. ಕಾಲಿಗೇನಾಗೇತಿ ಎಂದು ವಯಸ್ಸಾದವರೊಬ್ಬರು ನೇರವಾಗಿಯೇ ಕೇಳಿದರು.

"ಆಟ ಆಡಾಕ ಹೋಗಿ ಬಿದ್ದೇನಿ ಆಯಿ" ಎಂದಳು ಅವಳು.

"ಸಣ್ಣಾಕಿದ್ದಾಗೇನ?"

"ಹೂಂ, ಸಣ್ಣಾಕಿದ್ದಾಗ."

ಊಟದ ಹೊತ್ತಿಗೆ ಅಪ್ಪ ಸರ್ ಅವರ ಕೈ ಹಿಡಿದು ಹಿಂದಿನ ಸಾಲಿನಿಂದ ಎಬ್ಬಿಸಿ, ಮೊದಲ ಪಂಕ್ತಿಯಲ್ಲಿ ತಮ್ಮ ಬೀಗರ ಪಕ್ಕದಲ್ಲಿ ಕೂರಿಸಿದರು. "ನಮ್ಮ ಹುಡುಗೀನ ಓದಿಸಿದವರು" ಎಂದು ಪರಿಚಯ ಮಾಡಿಕೊಟ್ಟರು. ಹೋಳಿಗೆಯನ್ನು ತಾವೇ ಬಡಿಸಿ, ಅದರ ಮೇಲೆ ತುಪ್ಪ ಹಾಕಿದರು. ಬೇಡ ಬೇಡವೆಂದರೂ ಇನ್ನೊಂದು ಹಾಕಿದರು. ಎದುರಿನ ಸಾಲಿನಲ್ಲಿ ಕೂತಿದ್ದ ನಾನು ನೋಡುತ್ತಿದ್ದೆ. ಸರ್ ಎರಡೂ ಹೋಳಿಗೆಗಳನ್ನು ಸಣ್ಣ ಸಣ್ಣ ತುಂಡು ಮಾಡಿ, ತಲೆ ಎತ್ತದೆ, ಎಲೆಯಲ್ಲಿ ಒಂದು ಚೂರೂ ಬಿಡದೆ ತಿಂದರು.